ಕಟ್ಟೆಯ ದೋಷ, ಕಣಿವೆಯ ಅಪಾಯ: ತುಂಗಭದ್ರಾ ಅಣೆಕಟ್ಟಿನ ಹಿನ್ನೆಲೆಯಲ್ಲಿ

ಜಲಾಶಯಗಳ ಗುಣದೋಷಗಳನ್ನು ವಿಂಗಡಿಸಿ ನೋಡುವ ಪದ್ಧತಿ ದಕ್ಷಿಣ ಭಾರತಕ್ಕೆ ಹೊಸದಲ್ಲ. ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯಲ್ಲಿ ಕಟ್ಟಿಸಿದ ಕೆರೆಯನ್ನು ಕುರಿತ 1369ರ ಪೋರುಮಾಮಿಳ್ಳ ಶಾಸನವು ಉತ್ತಮ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ವರ್ಜಿಸಬೇಕಾದ ಆರು ದೋಷಗಳನ್ನೂ ನಿರೂಪಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ನೆಲ ಸವುಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿರುವುದು ಮುಂತಾದವು ಆ ದೋಷಗಳು. ಈ ಪಟ್ಟಿಯಲ್ಲಿ ಪರೀಕ್ಷೆಗೆ ಒಳಪಟ್ಟಿರುವುದು ಕೆರೆ. ಏರಿಯ ಕೆಳಗಣ ಊರುಗಳಲ್ಲ.

ಆಧುನಿಕ ಭಾರತದಲ್ಲಿಯೂ ಬಹುಕಾಲ ಇದೇ ದೃಷ್ಟಿ ಮುಂದುವರಿಯಿತು. ಕೋಡಿಯ ಸಾಮರ್ಥ್ಯವನ್ನು ನಿರ್ಧರಿಸುವ 1985ರ ಭಾರತೀಯ ಮಾನಕವು ಅಣೆಕಟ್ಟುಗಳನ್ನು ನೀರಿನ ಸಂಗ್ರಹ ಹಾಗೂ ಎತ್ತರಗಳ ಆಧಾರದ ಮೇಲೆ ಸಣ್ಣ, ಮಧ್ಯಮ, ದೊಡ್ಡ ಎಂದು ವಿಭಾಗಿಸಿತು. 6 ಕೋಟಿ ಘನ ಮೀಟರಿಗಿಂತ ಹೆಚ್ಚು ನೀರು ಹಿಡಿಯುವುದು ದೊಡ್ಡದು. ಕಟ್ಟೆ ಒಡೆದರೆ ಕೆಳಗೆ ಎಷ್ಟು ಜೀವ, ಎಷ್ಟು ಆಸ್ತಿ ನಷ್ಟವಾದೀತು ಎಂಬ ಪ್ರಶ್ನೆಯನ್ನೇ ಮುಖ್ಯವಾಗಿಸಿದ ಅಪಾಯ ವರ್ಗೀಕರಣಕ್ಕೆ ಶಾಸನಬದ್ಧ ಸ್ಥಾನ ದೊರೆತದ್ದು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಿಂದ.

ಈ ಪಲ್ಲಟದ ಅರ್ಥವನ್ನು ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ ಕಾಣಬಹುದು. 1945ರಲ್ಲಿ ಮದರಾಸು ಮತ್ತು ಹೈದರಾಬಾದು ಸರ್ಕಾರಗಳು ಜಂಟಿಯಾಗಿ ಆರಂಭಿಸಿ, ಸುರ್ಕಿ ಗಾರೆಯ ಕಲ್ಲುಕಟ್ಟಡವಾಗಿ 1953ರ ವೇಳೆಗೆ ನೀರು ನಿಲ್ಲಿಸಿದ ಕಟ್ಟೆಯಿದು. ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯ ಹೂಳಿನಿಂದ ಸುಮಾರು 105 ಟಿಎಂಸಿಗೆ ಇಳಿದಿದೆ. ಸಂಗ್ರಹ ಕುಗ್ಗಿತೆಂದು ಅಪಾಯ ಕುಗ್ಗಿತೆನ್ನಲಾಗದು: ಕೆಳಗೆ ಹಂಪಿ, ಆನೆಗುಂದಿ, ಕಂಪ್ಲಿಗಳಿವೆ; ದಡದುದ್ದಕ್ಕೂ ಗದ್ದೆ, ವಸತಿಗಳಿವೆ.

2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಕಲ್ಲಿನ ಕಟ್ಟೆ ಅಲುಗಲಿಲ್ಲ. ಆದರೆ ತುಂಬಿದ್ದ ಜಲಾಶಯದಿಂದ ಅಪಾರ ನೀರು ನದಿಯ ಪಾಲಾಯಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ತಡೆ ಅಳವಡುವವರೆಗೆ ಅಚ್ಚುಕಟ್ಟಿನ ರೈತರು ಬೆಳೆಯ ಚಿಂತೆಯಲ್ಲಿಯೂ ದಡದ ಊರುಗಳು ಪ್ರವಾಹದ ಭೀತಿಯಲ್ಲಿಯೂ ದಿನ ಕಳೆದವು.

ಇದರಿಂದ ಸ್ಪಷ್ಟವಾಗುವ ಸಂಗತಿಯೊಂದುಂಟು. ಅಪಾಯದ ವರ್ಗವು ಕಟ್ಟೆಯ ಆರೋಗ್ಯದ ಪ್ರಮಾಣಪತ್ರವಲ್ಲ. ಸುಸ್ಥಿತಿಯ ಕಟ್ಟೆಯೂ ಅತ್ಯಧಿಕ ಅಪಾಯದ ವರ್ಗಕ್ಕೆ ಸೇರಬಹುದು. ಕಲ್ಲು ಹಾಗೆಯೇ ಇದ್ದರೂ ಕಣಿವೆಯಲ್ಲಿ ಜನವಸತಿ ಬೆಳೆದಂತೆ ಅದರ ವರ್ಗ ಮೇಲೇರಬಹುದು. ಆದ್ದರಿಂದ ಶಾಸನಕಾರನ ದೋಷಪರೀಕ್ಷೆಯೂ ಇಂದಿನ ಅಪಾಯಗಣನೆಯೂ ಒಂದಕ್ಕೊಂದು ಪರ್ಯಾಯವಲ್ಲ, ಪೂರಕ. ಮೊದಲನೆಯದು ಸರಪಳಿಯ ಸವಕಳಿಯನ್ನು ಹೇಳುತ್ತದೆ. ಎರಡನೆಯದು ಆ ಸರಪಳಿಗೆ ಎಷ್ಟು ಜನರ ಬದುಕು ತೂಗುಬಿದ್ದಿದೆ ಎಂಬುದನ್ನು.