ಪದ್ಮಿನಿಯ ಕೈತಪ್ಪು

‘ಹಯವದನ’ ನೋಡಿಕೊಂಡು ಹೊರಗೆ ಬಂದವರನ್ನು ಒಂದೇ ಪ್ರಶ್ನೆ ಕೇಳಿ: ಪದ್ಮಿನಿ ತಲೆಗಳನ್ನು ಅದಲುಬದಲು ಮಾಡಿದ್ದು ಗಾಬರಿಯಲ್ಲೋ, ಬೇಕು ಅಂತಲೋ? ಚಹಾ ಮುಗಿಯುವಷ್ಟರಲ್ಲಿ ಎರಡು ಪಾರ್ಟಿ ಆಗಿರುತ್ತವೆ. ಬೆನ್ಸನ್ ಟೌನ್‌ನ ನಮ್ಮ ಬಾಡಿಗೆ ಮನೆಯ ಟೆರೇಸಿನಲ್ಲೂ ಹೀಗೇ ಆಯ್ತು. ರೂಮ್‌ಮೇಟ್ ಒಬ್ಬ ಒಂದೇ ಪದದಲ್ಲಿ ತೀರ್ಪು ಕೊಟ್ಟ: ‘ಮ್ಯಾನಿಪ್ಯುಲೇಟಿವ್.’ ಆ ಪದ ನನಗೆ ತಲೆಯಲ್ಲೇ ಕೂತುಬಿಟ್ಟಿತು. ಯಾಕಂದ್ರೆ ಮೂಲ ಕಥೆಯಲ್ಲಿ ಈ ಹೆಣ್ಣಿಗೆ ಆ ಆರೋಪವೇ ಇಲ್ಲ.

ಕಥೆ ಹಳೆಯದು. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ‘ಕಥಾಸರಿತ್ಸಾಗರ’ದೊಳಗೆ ಬರುವ ಬೇತಾಳ ಕಥೆಗಳಲ್ಲಿ ಇದೂ ಒಂದು. ಅಲ್ಲಿ ಅವಳ ಹೆಸರು ಮದನಸುಂದರಿ, ಅಗಸರ ಮನೆ ಹುಡುಗಿ. ದೇವಿಯ ಗುಡಿಯಲ್ಲಿ ತಲೆ ಕತ್ತರಿಸಿಕೊಂಡು ಸತ್ತವರು ಅವಳ ಗಂಡ ಮತ್ತು ಅವಳ ಸ್ವಂತ ಅಣ್ಣ. ದೇವಿ ವರ ಕೊಟ್ಟ ಸಂತೋಷದ ಗಡಿಬಿಡಿಯಲ್ಲಿ ಅವಳು ತಲೆ ತಪ್ಪಿಸಿ ಇಡ್ತಾಳೆ. ಅಣ್ಣನ ವಿಷಯದಲ್ಲಿ ಆಸೆಯ ಮಾತೇ ಬರಲ್ಲ, ಹಾಗಾಗಿ ಅದು ಶುದ್ಧ ಕೈತಪ್ಪು. ಬೇತಾಳನಿಗೂ ಅವಳ ಮನಸ್ಸು ಬೇಕಿಲ್ಲ. ಅವನ ಪ್ರಶ್ನೆ ಒಂದೇ: ಈಗ ಗಂಡ ಯಾರು? ರಾಜ ಹೇಳ್ತಾನೆ, ಗಂಡನ ತಲೆ ಇರುವವನು. ಕಥೆ ಖಲಾಸ್.

1940ರಲ್ಲಿ ಥಾಮಸ್ ಮಾನ್ ಇದನ್ನೇ ಜರ್ಮನ್ ಭಾಷೆಯ ಕಿರುಕಾದಂಬರಿ ಮಾಡಿದ. ಆಗ ಅವನು ಹಿಟ್ಲರನ ಜರ್ಮನಿ ಬಿಟ್ಟು ಅಮೆರಿಕದಲ್ಲಿದ್ದ. ಅವನ ಕೃತಿಯಲ್ಲಿ ಅಣ್ಣ ಮಾಯ, ಆ ಜಾಗಕ್ಕೆ ಗಂಡನ ಗೆಳೆಯ ಬಂದ. ಅಲ್ಲಿಗೆ ಕೈತಪ್ಪಿಗೆ ಅನುಮಾನ ಅಂಟಿಕೊಂಡಿತು.

ಗಿರೀಶ ಕಾರ್ನಾಡರ ‘ಹಯವದನ’ ಪ್ರಕಟವಾಗಿದ್ದು 1971ರಲ್ಲಿ. ಶಿರಸಿಯಲ್ಲಿ ಹುಡುಗನಾಗಿದ್ದಾಗ ನೋಡಿದ ಯಕ್ಷಗಾನವನ್ನು ಅವರು ಈ ಕಥೆಗೆ ತಂದರು: ಭಾಗವತ, ಅರ್ಧ ಪರದೆ, ಮುಖವಾಡ. ಬಿ.ವಿ. ಕಾರಂತರು ಹಿಂದಿಯಲ್ಲೂ ಕನ್ನಡದಲ್ಲೂ ಆಡಿಸಿದರು. ಮುಖವಾಡದ ಉಪಾಯ ನೋಡಿ. ತಲೆ ಕತ್ತರಿಸೋದು, ಅದಲುಬದಲಾಗೋದು ಎಲ್ಲಾ ಎರಡು ಮುಖವಾಡಗಳ ವಿನಿಮಯದಲ್ಲಿ ಮುಗಿಯುತ್ತೆ. ರಂಗದ ಮೇಲೆ ಒಂದು ಕ್ಷಣದ ಕೆಲಸ, ಪ್ರೇಕ್ಷಕನಿಗೆ ತೀರ್ಮಾನ ಮಾಡೋಕೆ ಪುರುಸೊತ್ತೇ ಸಿಗಲ್ಲ. ಅವಳು ಉದ್ವೇಗದಲ್ಲಿದ್ದಳು ಅನ್ನೋದಕ್ಕೂ ನಾಟಕ ಜಾಗ ಬಿಟ್ಟಿದೆ. ಆದರೆ ಕಾಳಿ ಮಾತ್ರ ಪೂರ್ತಿ ಎಚ್ಚರವೂ ಇಲ್ಲದೆ, ಆಕಳಿಸುತ್ತಲೇ, ಇವಳ ಸ್ವಾರ್ಥವನ್ನು ಕಂಡುಬಿಡ್ತಾಳೆ.

ಅದಕ್ಕಿಂತ ಮುಂಚಿನ ದೃಶ್ಯಗಳನ್ನು ನೆನಪಿಸಿಕೊಳ್ಳಿ. ದೇವದತ್ತ ಕವಿ, ಬ್ರಾಹ್ಮಣ. ಕಪಿಲ ಕಮ್ಮಾರನ ಮಗ. ಗೆಳೆಯನಿಗಾಗಿ ಹೆಣ್ಣು ಕೇಳಲು ಕಪಿಲ ಹೋಗುವ ಮನೆಯ ಬಾಗಿಲ ಮೇಲೆ ಎರಡು ತಲೆಯ ಹಕ್ಕಿ. ಇವಳಿಗೆ ದೇವದತ್ತ ಸಾಲಲ್ಲ ಅಂತ ಕಪಿಲನಿಗೆ ಅಲ್ಲೇ ಅನ್ನಿಸುತ್ತೆ, ಆದರೂ ಸಂಬಂಧ ಕುದುರುತ್ತೆ. ಅವಳನ್ನು ಯಾರಾದರೂ ಕೇಳಿದ್ದು ನಮಗೆ ಕಾಣಲ್ಲ. ಮುಂದೆ ದೇವದತ್ತ ಹೊಟ್ಟೆಕಿಚ್ಚಿನಿಂದ ಉಜ್ಜಯಿನಿ ಪ್ರಯಾಣ ರದ್ದು ಮಾಡಿಸಿದಾಗ, ಕಪಿಲನ ಮುಖ ಬಾಡಿದ್ದು ನೋಡಿ ಪದ್ಮಿನಿ ಗಂಡನ ಮಾತನ್ನು ಬದಿಗಿಟ್ಟು ಬಂಡಿ ಹೊರಡಿಸ್ತಾಳೆ. ತಲೆ ಬದಲಾಗೋ ಮೊದಲೇ ಅವಳ ಕೈಯಲ್ಲಿ ಲಗಾಮು ಇತ್ತು. ಆಮೇಲೆ ಗಂಡನ ಮೈ ಮತ್ತೆ ಮೆತ್ತಗಾದಾಗಲೂ ಅಷ್ಟೆ: ಗೊಂಬೆ ತರೋಕೆ ಅಂತ ಅವನನ್ನು ಉಜ್ಜಯಿನಿಗೆ ಸಾಗಹಾಕಿ, ಮಗುವನ್ನೆತ್ತಿಕೊಂಡು ಕಾಡಿಗೆ, ಕಪಿಲನ ಹತ್ತಿರ.

ಇಲ್ಲಿ ನನಗೆ ಇಬ್ಸೆನ್‌ನ ಹೆಡ್ಡಾ ಗ್ಯಾಬ್ಲರ್ ನೆನಪಾಗ್ತಾಳೆ. 1890ರ ನಾಟಕ, ಮೊದಲ ಪ್ರದರ್ಶನ 1891ರಲ್ಲಿ ಮ್ಯೂನಿಕ್‌ನಲ್ಲಿ. ಹೆಡ್ಡಾ ಹಳೆಯ ಗೆಳೆಯನ ಹಸ್ತಪ್ರತಿ ಸುಡ್ತಾಳೆ, ಸಾಯೋಕೆ ಪಿಸ್ತೂಲನ್ನೂ ಕೊಡ್ತಾಳೆ. ಒಮ್ಮೆಯಾದರೂ ಒಬ್ಬ ಮನುಷ್ಯನ ಹಣೆಬರಹದ ಮೇಲೆ ತನಗೆ ಅಧಿಕಾರ ಬೇಕು ಅನ್ನೋದು ಅವಳ ಹಸಿವು. ಮತ್ತೊಂದು ಹೋಲಿಕೆ: ನಾಟಕ ನಡೆಯುವಾಗ ಹೆಡ್ಡಾ ಬಸುರಿ, ಉಜ್ಜಯಿನಿಯ ಬಂಡಿಯಲ್ಲಿ ಕೂತ ಪದ್ಮಿನಿಯೂ ಬಸುರಿ. ಸ್ವಂತ ಮೈಯ ಮೇಲಿನ ಹಿಡಿತವೇ ಸಡಿಲವಾಗುವ ಹೊತ್ತಿನಲ್ಲಿ ಇಬ್ಬರೂ ಬೇರೆಯವರ ಮೈ, ಬೇರೆಯವರ ಸಾವು ಹಿಡಿದುಕೊಳ್ಳೋಕೆ ಹೊರಟಿದ್ದಾರೆ. ಕಡೆಗೆ ಜಡ್ಜ್ ಬ್ರ್ಯಾಕ್‌ನ ಮುಷ್ಟಿಗೆ ಸಿಕ್ಕ ಹೆಡ್ಡಾ ತನಗೇ ಗುಂಡು ಹೊಡೆದುಕೊಳ್ತಾಳೆ.

ಹಾಗಂತ ನಾನು ಪದ್ಮಿನಿಯ ವಕೀಲನಲ್ಲ. ಇಬ್ಬರು ಗಂಡಸರನ್ನು ಬಿಡಿಭಾಗದ ಹಾಗೆ ನೋಡಿದ್ದು ಕ್ರೌರ್ಯವೇ. ನನ್ನ ತಕರಾರು ಆ ಪದದ ಮೇಲೆ. ಆಫೀಸಿನಲ್ಲಿ ಗಂಡಸೊಬ್ಬ ನಾಲ್ಕು ಜನರನ್ನು ಬೇಕಾದ ಕಡೆ ಕೂರಿಸಿದರೆ ಅದು ‘ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್’, ಅಪ್ರೈಸಲ್‌ನಲ್ಲಿ ಒಳ್ಳೇ ಮಾರ್ಕು. ಹೆಂಗಸು ಮಾಡಿದರೆ ಟೆರೇಸಿನ ತೀರ್ಪು. ಊರಲ್ಲಿ ನಮ್ಮ ಅಜ್ಜಿಗೂ ಹೀಗೇ ಒಂದು ಹೆಸರಿತ್ತು, ‘ಕಿತಾಪತಿ’ ಅಂತ. ಗದ್ದೆ ಮಾರದ ಹಾಗೆ ತಡೆದಿದ್ದು ಆ ಕಿತಾಪತಿಯೇ. ತಾತನ ಮುಂದೆ ನೇರವಾಗಿ ಮಾತಾಡೋ ಹಕ್ಕು ಅವಳಿಗಿದ್ದಿದ್ದರೆ ಕಿತಾಪತಿ ಯಾಕೆ ಬೇಕಿತ್ತು?

ಇನ್ನು ಆ ಕೊನೆ. ಗಂಡಸರಿಬ್ಬರೂ ಹೊಡೆದಾಡಿ ಸಾಯ್ತಾರೆ. ಚಿತೆ ಏರೋ ಮುಂಚೆ ಪದ್ಮಿನಿ ಭಾಗವತನಿಗೆ ಲೆಕ್ಕ ಹಾಕಿಟ್ಟ ಹಾಗೆ ಹೇಳ್ತಾಳೆ: ಮಗು ಕಪಿಲನದ್ದು ಅಂತ ಹೇಳಿ ಕಾಡಿನ ಬೇಟೆಗಾರರಿಗೆ ಕೊಡಬೇಕು, ಐದು ವರ್ಷ ಆದಮೇಲೆ ದೇವದತ್ತನದ್ದು ಅಂತ ಹೇಳಿ ಅವನ ತಂದೆಯ ಮನೆಗೆ ಒಪ್ಪಿಸಬೇಕು. ಮೊದಲು ಮೈ, ಆಮೇಲೆ ತಲೆ. ಸತ್ತಮೇಲೂ ಜೋಡಿಸುವ ಕೆಲಸ ಬಿಟ್ಟಿಲ್ಲ ಅವಳು.

ಭಾಗವತ ಹೇಳಿದ ಹಾಗೇ ನಡೆಸುತ್ತಾನೆ. ಐದು ವರ್ಷದ ಆ ಹುಡುಗ ರಂಗಕ್ಕೆ ಬಂದಾಗ ಮಾತಾಡಲ್ಲ, ನಗಲ್ಲ. ಕೈಯಲ್ಲಿ ಗೊಂಬೆಗಳಿವೆ, ಯಾರಿಗೂ ಮುಟ್ಟೋಕೆ ಬಿಡಲ್ಲ.