ಬಾವಿಯೊಳಗಿನ ಅಮ್ಮ, ಬೀಗ ಹಾಕಿದ ಹಾಸ್ಟೆಲ್ಲು

ಸಂಕ್ರಾಂತಿಗೆ ಇನ್ನೂ ಮೂರು ದಿನ ಇರುವಾಗಲೇ ಹೈದರಾಬಾದಿನ ಮೈತ್ರಿವನಂ ಹಿಂದಿನ ಗಲ್ಲಿಗಳಲ್ಲಿ ಗಾಲಿಗಳ ಗರಗರ ಸದ್ದು ಶುರುವಾಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಒಬ್ಬ ಬ್ಯಾಗ್ ಎಳೆದುಕೊಂಡು ಹೋಗುತ್ತಾನೆ, ಐದಕ್ಕೆ ಇಬ್ಬರು, ಆರಕ್ಕೆ ಒಂದು ಗುಂಪು. ಭೋಗಿಯ ದಿನದ ಹೊತ್ತಿಗೆ ಅಮೀರ್‌ಪೇಟ್ ಖಾಲಿ. ಜಾವಾ, ಪೈಥಾನ್, ಡಾಟಾ ಸೈನ್ಸ್ ಎಂದು ಗೋಡೆ ತುಂಬಾ ಬರೆದುಕೊಂಡ ಬೋರ್ಡುಗಳ ಕೆಳಗೆ ನಾಯಿಗಳು ನಡುರಸ್ತೆಯಲ್ಲಿ ಮಲಗಿರುತ್ತವೆ. ಉಳಿದ ದಿನ ಅದೇ ಜಾಗದಲ್ಲಿ ಕಾಲಿಡಬೇಕೆಂದರೆ ಎದುರಿನವನ ಭುಜ ತಾಗಬೇಕು, ಕೈಗೊಂದು ಪಾಂಪ್ಲೆಟ್ ಬೀಳಬೇಕು.

ನಾನು ಬೀದರ ಕಡೆಯವನು. ಮೂರು ತಿಂಗಳ ಕೋರ್ಸಿಗೆಂದು ಬಂದು ಇಪ್ಪತ್ತು ವರ್ಷ ದಾಟಿಸಿದವನು. ಈ ಊರಿನ ಹಬ್ಬಗಳ ಲೆಕ್ಕವನ್ನು ನಾನು ಇಡುವುದೇ ಹೀಗೆ: ಯಾರು ಹೊರಟರು, ಯಾರು ಉಳಿದರು. ಸಂಕ್ರಾಂತಿಗೆ ಆಂಧ್ರದ ಹುಡುಗರು ಹೋಗುತ್ತಾರೆ, ವಿಜಯವಾಡ ರಸ್ತೆಯ ಟೋಲ್‌ಗೇಟುಗಳಲ್ಲಿ ಕಾರುಗಳು ಮೈಲಿಗಟ್ಟಲೆ ನಿಲ್ಲುತ್ತವೆ. ದಸರೆಗೆ ತೆಲಂಗಾಣದವರು ಹೊರಡುತ್ತಾರೆ. ಎಳ್ಳ ಅಮಾವಾಸ್ಯೆಗೆ ಹೊರಡುವವರು ನಾವು ಕೆಲವೇ ಜನ. ಆ ದಿನ ಇಲ್ಲಿ ರಜೆಯೂ ಇಲ್ಲ, ನಾವು ಹೋದದ್ದು ಯಾರಿಗೂ ಗೊತ್ತೂ ಆಗುವುದಿಲ್ಲ.

ಅಮೀರ್‌ಪೇಟ್‌ನ ‘ಅಮೀರ್’ ಪಾಯ್ಗಾ ಮನೆತನದ ಅಮೀರ. ನಿಜಾಮರಿಗೆ ಹೆಣ್ಣು ಕೊಟ್ಟು ತಂದುಕೊಂಡ, ಅವರನ್ನು ಬಿಟ್ಟರೆ ರಾಜ್ಯದಲ್ಲೇ ದೊಡ್ಡವರಾದ ಜಹಗೀರದಾರರ ಮನೆ ಅದು. ಪಕ್ಕದ ಬೇಗಂಪೇಟೆಗೆ ನಿಜಾಮರ ಮನೆತನದ ಮಗಳು ಬಶೀರುನ್ನಿಸಾ ಬೇಗಂ ಹೆಸರು. ಪಾಯ್ಗಾ ಮನೆಗೆ ಸೊಸೆಯಾಗಿ ಹೋದಾಗ ಬಳುವಳಿಯಾಗಿ ಬಂದ ಜಾಗ ಎನ್ನುತ್ತಾರೆ. ಅಮೀರನ ಪೇಟೆ, ಬೇಗಮ್ಮಳ ಪೇಟೆ, ಅಕ್ಕಪಕ್ಕ. ನಮ್ಮ ಬೀದರ ಜಿಲ್ಲೆಯ ಚಿಟಗುಪ್ಪಾ ಕೂಡ ಒಂದು ಕಾಲಕ್ಕೆ ಪಾಯ್ಗಾ ತಾಲೂಕು. ಹಾಗಾಗಿ ಚಿಟಗುಪ್ಪಾದ ರೈತ ಕಟ್ಟಿದ ಕಂದಾಯಕ್ಕೂ ಈ ಕಡೆಯ ತೋಟ ಬಂಗಲೆಗಳ ಗಚ್ಚಿಗೂ ಎಲ್ಲೋ ಸಂಬಂಧ ಇದ್ದೇ ಇರಬೇಕು ಎಂದು ನನಗೆ ಆಗಾಗ ಅನಿಸುತ್ತದೆ. ಈ ಮಾತು ಹೇಳಿದರೆ ನನ್ನ ಜೊತೆ ಟೀ ಕುಡಿಯುವವರು ನಗುತ್ತಾರೆ.

ಆ ನಿಜಾಮರ ಕಾಲದ ಪಂಚಾಂಗವೇ ಬೇರೆ. ವಾರದ ರಜೆ ಶುಕ್ರವಾರ. ಕಚೇರಿಗಳಲ್ಲಿ ಫಸಲಿ ವರ್ಷ, ಆಜೂರ್, ದೈ, ಬಹಮನ್ ಎಂದು ತಿಂಗಳು. ನಮ್ಮಜ್ಜನ ಹೊಲದ ಕಾಗದಗಳಲ್ಲಿ 1357 ಎಂದು ಬರೆದಿರುವುದನ್ನು ನೋಡಿ ಚಿಕ್ಕವನಿದ್ದಾಗ ಇದು ಬಹಮನಿ ಸುಲ್ತಾನರ ಕಾಲದ್ದೇ ಎಂದು ಹೆಮ್ಮೆಪಟ್ಟಿದ್ದೆ. ಫಸಲಿಗೆ 590 ಕೂಡಿಸಬೇಕು ಎಂದು ಮಾಸ್ತರರು ಹೇಳಿದ ಮೇಲೆ ಅದು 1947ಕ್ಕೆ ಬಂದು ನಿಂತಿತು, ಹೆಮ್ಮೆ ಇಳಿಯಿತು.

ಪಾಯ್ಗಾದವರಿಗೂ ಫಸಲಿಗೂ ಸಂಬಂಧವಿಲ್ಲದ ಒಂದು ಹಬ್ಬ ಮಾತ್ರ ಈ ನೆಲದ್ದೇ. ಅದನ್ನು ನೋಡಬೇಕಾದರೆ ಮೆಟ್ರೊ ಇಳಿದು ಬಲ್ಕಂಪೇಟ್ ಕಡೆ ನಡೆಯಬೇಕು.

ಬಲ್ಕಂಪೇಟ್ ಎಲ್ಲಮ್ಮನ ಗುಡಿಯಲ್ಲಿ ದೇವಿಯನ್ನು ತಲೆ ಎತ್ತಿ ನೋಡುವ ಹಾಗಿಲ್ಲ, ಬಗ್ಗಿ ನೋಡಬೇಕು. ಅಮ್ಮ ಇರುವುದು ಬಾವಿಯಲ್ಲಿ, ನೆಲಮಟ್ಟದಿಂದ ಸುಮಾರು ಹತ್ತು ಅಡಿ ಕೆಳಗೆ. ಬಾವಿ ತೋಡುವಾಗ ಮೂರ್ತಿ ಸಿಕ್ಕಿತು, ಮೇಲಕ್ಕೆತ್ತಲು ನೋಡಿದರು, ಅಲುಗಲಿಲ್ಲ, ಅಲ್ಲೇ ಪೂಜೆ ಶುರುವಾಯಿತು ಎಂಬುದು ಊರವರ ಕತೆ. ಅಲ್ಲಿನ ಊಟೆಯ ನೀರೇ ತೀರ್ಥ. ಸುತ್ತ ಮೂರು ನಾಲ್ಕು ಅಂತಸ್ತಿನ ಹಾಸ್ಟೆಲ್ಲುಗಳು, ಅವುಗಳ ಬೋರ್‌ವೆಲ್ಲುಗಳು ಬೇಸಿಗೆಯಲ್ಲಿ ಬತ್ತಿ ಟ್ಯಾಂಕರ್ ಕಾಯುತ್ತವೆ. ಈ ಪೇಟೆಗೂ ಮೊದಲು ಇಲ್ಲಿ ಹೊಲ ಇತ್ತು, ಹೊಲಕ್ಕೊಂದು ಬಾವಿ ಇತ್ತು ಎಂದು ನೆನಪಿಸುವ ಬೇರೆ ಗುರುತು ನನಗಂತೂ ಇಲ್ಲಿ ಸಿಕ್ಕಿಲ್ಲ.

ಆಷಾಢದ ಮಂಗಳವಾರ ಅಮ್ಮನ ಕಲ್ಯಾಣ. ಹಿಂದಿನ ದಿನ ಎದುರುಗೊಳ್ಳುವ ಶಾಸ್ತ್ರ, ಮರುದಿನ ತೇರು. 2025ರಲ್ಲಿ ಅದು ಜುಲೈ 1ಕ್ಕೆ ಬಂತು. ನಮ್ಮ ಕಡೆ ಆಷಾಢದಲ್ಲಿ ಮದುವೆ ಮಾತೂ ಎತ್ತುವುದಿಲ್ಲ, ಹೊಸ ಸೊಸೆಯನ್ನು ತವರಿಗೆ ಕಳಿಸುತ್ತಾರೆ. ಇಲ್ಲಿಯ ಜನವೂ ಅದನ್ನೇ ಪಾಲಿಸುತ್ತಾರೆ. ಆದರೆ ಮನುಷ್ಯರಿಗೆ ನಿಷೇಧವಾದ ತಿಂಗಳಲ್ಲೇ ದೇವಿಯ ಮದುವೆ. ಛತ್ರ, ವಾಲಗದವರು, ಹೂವಿನವರು ಎಲ್ಲರೂ ಬಿಡುವಾಗಿ ಸಿಗುತ್ತಾರೆ ಎಂದು ಹೂವಿನ ಅಂಗಡಿಯವಳು ತಮಾಷೆ ಮಾಡಿದಳು. ಆ ದಿನ ಎಸ್.ಆರ್. ನಗರದ ಕಡೆಯ ರಸ್ತೆಗಳನ್ನು ಮುಚ್ಚುತ್ತಾರೆ, ಬಸ್ಸುಗಳು ಸುತ್ತು ಹಾಕುತ್ತವೆ. ಕೋಚಿಂಗಿಗೆ ಹೊಸದಾಗಿ ಬಂದ ಹುಡುಗ ಮ್ಯಾಪ್ ಹಿಡಿದುಕೊಂಡು ಬೇವಿನ ಸೊಪ್ಪಿನ ನಡುವೆ ಸಿಕ್ಕಿಹಾಕಿಕೊಂಡಿರುವುದನ್ನು ಪ್ರತಿ ವರ್ಷ ನೋಡಬಹುದು.

ನಮ್ಮ ಎಲ್ಲಮ್ಮ ಸವದತ್ತಿಯವಳು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವುದು, ಪಡ್ಡಲಗಿ ತುಂಬಿಸುವುದು, ಉಧೋ ಎನ್ನುವುದು. ಅಲ್ಲಿ ಗುಡ್ಡ ಹತ್ತಬೇಕು, ಇಲ್ಲಿ ಬಾವಿಗೆ ಬಗ್ಗಬೇಕು. ರೇಣುಕೆ, ಜಮದಗ್ನಿ, ಪರಶುರಾಮ ಎರಡೂ ಕಡೆ ಅವರೇ. ಮೊದಲ ಸಲ ನಮ್ಮವ್ವ ಇಲ್ಲಿಗೆ ಬಂದಾಗ ಬಾವಿಯ ಅಂಚಿಗೆ ನಿಂತು ನೋಡಿ, ‘ಇಕಿ ಯಾಕ ಕೆಳಗ ಇದ್ದಾಳ?’ ಎಂದು ಕೇಳಿದಳು. ಆಮೇಲೆ ಅವಳೇ, ‘ಗುಡ್ಡ ಹತ್ತಲಾರದವ್ರಿಗಿ ಇಳದು ಬಂದಾಳ’ ಎಂದು ಹೇಳಿ ಕಾಯಿ ಒಡೆಸಿದಳು.

ಕಲ್ಯಾಣ ಮುಗಿದ ಮೇಲೆ ಬೋನಾಲು. ‘ಭೋಜನ’ ತೆಲುಗಿನ ಬಾಯಲ್ಲಿ ‘ಬೋನಂ’ ಆಗಿದೆ. ಹಾಲು ಬೆಲ್ಲ ಹಾಕಿ ಬೇಯಿಸಿದ ಅನ್ನ ತುಂಬಿದ ಗಡಿಗೆ, ಮೈಗೆಲ್ಲ ಅರಿಸಿನ ಬಳಿದು ಕುಂಕುಮದ ಬೊಟ್ಟು, ಕತ್ತಿಗೆ ಬೇವಿನ ಎಸಳು, ಬಾಯಿಗೆ ಮುಚ್ಚಿದ ತಟ್ಟೆಯ ಮೇಲೆ ಉರಿಯುವ ದೀಪ. ಇದನ್ನು ತಲೆ ಮೇಲಿಟ್ಟುಕೊಂಡು ಹೆಂಗಸರು ನಡೆಯುತ್ತಾರೆ. ದೀಪ ಆರಬಾರದು, ಕೈ ಹಿಡಿದರೂ ಹಿಡಿದಂತೆ ಕಾಣಬಾರದು. ನಮ್ಮ ಕೆಳಮನೆಯಾಕೆ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾರೆ. ಆ ಒಂದು ಭಾನುವಾರ ಕಾಲಿಗೆ ಅರಿಸಿನ ಹಚ್ಚಿಕೊಂಡು ಬರಿಗಾಲಲ್ಲಿ ಬಿಸಿ ಡಾಂಬರಿನ ಮೇಲೆ ಹೋಗುತ್ತಾರೆ, ಸೊಸೆ ಮುಂದೆ ಮುಂದೆ ಚೊಂಬಿನಿಂದ ನೀರು ಸುರಿಯುತ್ತಾಳೆ. ಪೋತರಾಜು ವೇಷದವನು ಮೈಗೆಲ್ಲ ಅರಿಸಿನ ಮೆತ್ತಿ, ಸೊಂಟಕ್ಕೆ ಬೇವು ಕಟ್ಟಿ, ಚಾಟಿ ಬೀಸುತ್ತ ತೀನ್‌ಮಾರ್ ಹೆಜ್ಜೆ ಹಾಕುತ್ತಾನೆ. ಬೋನಾಲು ಗೋಲ್ಕೊಂಡದಲ್ಲಿ ಆರಂಭ, ಆಮೇಲೆ ಸಿಕಂದರಾಬಾದಿನ ಉಜ್ಜಯಿನಿ ಮಹಾಂಕಾಳಿ, ಆಮೇಲೆ ಹಳೇ ಪಟ್ಟಣದ ಲಾಲ್ ದರ್ವಾಜಾ. 1813ರ ಸುಮಾರಿಗೆ ಊರಿಗೆ ದೊಡ್ಡ ಬೇನೆ ಬಂದಾಗ ಉಜ್ಜಯಿನಿಯಲ್ಲಿದ್ದ ಇಲ್ಲಿಯ ಸಿಪಾಯಿಯೊಬ್ಬ ಹರಕೆ ಹೊತ್ತದ್ದು ಸಿಕಂದರಾಬಾದಿನ ಗುಡಿಗೆ ಮೂಲ ಎನ್ನುತ್ತಾರೆ. ತೆಲಂಗಾಣ ಬಂದ 2014ರಲ್ಲೇ ಬೋನಾಲು, ಬತುಕಮ್ಮ ಎರಡನ್ನೂ ಸರ್ಕಾರ ರಾಜ್ಯದ ಹಬ್ಬ ಎಂದು ಸಾರಿತು. ಅದಕ್ಕೂ ಮೊದಲು ಹಾಸ್ಟೆಲ್ಲಿನ ಕರಾವಳಿ ಆಂಧ್ರದ ಹುಡುಗರು ಕಿಟಕಿಯಿಂದ ನೋಡಿ ‘ಇದೇನು’ ಎಂದು ಮೂಗು ಮುರಿದದ್ದು ನನಗೆ ನೆನಪಿದೆ. ಈಗ ಅವರೂ ಇಳಿದು ಬಂದು ಫೋಟೊ ತೆಗೆಯುತ್ತಾರೆ.

ಗಣೇಶನದ್ದು ಪಕ್ಕದ ಖೈರತಾಬಾದಿನ ಕತೆ. 1954ರಲ್ಲಿ ಒಂದು ಅಡಿಯ ಮೂರ್ತಿಯಿಂದ ಶುರು ಮಾಡಿ ವರ್ಷಕ್ಕೊಂದು ಅಡಿ ಏರಿಸಿದರು. 2014ಕ್ಕೆ ಅರವತ್ತು ಅಡಿ, 2024ಕ್ಕೆ ಎಪ್ಪತ್ತು. ಅಮೀರ್‌ಪೇಟ್‌ನ ಹಾಸ್ಟೆಲ್ಲುಗಳ ಪಾಲಿಗೆ ಅದು ರಾತ್ರಿ ಊಟವಾದ ಮೇಲೆ ನಡೆದು ಹೋಗಿ ಬರುವ ಜಾಗ. ನಿಮಜ್ಜನದ ದಿನ ಹುಸೇನ್ ಸಾಗರದ ಕಡೆ ಯಾವ ದಾರಿಯೂ ದಾರಿಯಲ್ಲ.

2024ರಲ್ಲಿ ಆ ನಿಮಜ್ಜನ ಸೆಪ್ಟೆಂಬರ್ 17ಕ್ಕೆ ಬಿತ್ತು. ಈ ತಾರೀಖಿನ ಪಾಡು ಹೇಳತೀರದು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂದು 17ಕ್ಕೆ ನಿಜಾಮರು ಸೋಲೊಪ್ಪಿದರು. ನಮ್ಮ ಕಲಬುರಗಿಯಲ್ಲಿ ಮುಖ್ಯಮಂತ್ರಿ ಧ್ವಜ ಹಾರಿಸುತ್ತಾರೆ. ಮೊದಲು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಇಲ್ಲಿ ಎಷ್ಟೋ ವರ್ಷ ಸರ್ಕಾರ ಸುಮ್ಮನೇ ಇತ್ತು. 2022ರಲ್ಲಿ ಕೇಂದ್ರದವರು ವಿಮೋಚನಾ ದಿನ ಎಂದರು, ರಾಜ್ಯದವರು ರಾಷ್ಟ್ರೀಯ ಸಮೈಕ್ಯತಾ ದಿನ ಎಂದರು. ಸರ್ಕಾರ ಬದಲಾಗಿ 2024ರಲ್ಲಿ ಪ್ರಜಾ ಪಾಲನಾ ದಿನೋತ್ಸವ ಆಯಿತು. ಒಂದೇ ದಿನ, ಒಂದೇ ನಿಜಾಮ, ಇಷ್ಟು ಹೆಸರು. ನಮ್ಮ ಗಲ್ಲಿಯಲ್ಲಿ ಅಂದು ಯಾವ ಹೆಸರೂ ಕೇಳಿಸಲಿಲ್ಲ, ಡಿಜೆ ಅಷ್ಟು ಜೋರಾಗಿತ್ತು.

ರಮಜಾನಿನಲ್ಲಿ ಹೋಟೆಲ್ ಮುಂದೆ ಮಣ್ಣಿನ ಭಟ್ಟಿ ಕಟ್ಟಿ, ಹಂಡೆ ಹುಗಿದು, ಇಬ್ಬರು ಉದ್ದನೆ ಕಟ್ಟಿಗೆಯಿಂದ ಹಲೀಮ್ ಕುಟ್ಟುತ್ತಾರೆ. ಅದಕ್ಕೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ನನಗೆ ಅದಕ್ಕಿಂತ ಪ್ರೀತಿ ಅಮೀರ್‌ಪೇಟ್ ಗುರುದ್ವಾರದ ಗುರುನಾನಕ ಜಯಂತಿ. ಲಂಗರಿನ ಸಾಲಿನಲ್ಲಿ ಮೆಸ್ ಬಾಕಿ ಉಳಿಸಿಕೊಂಡ ಹುಡುಗರು ಕೂಡ ತಲೆಗೆ ಕರ್ಚೀಫು ಕಟ್ಟಿ ಕೂತಿರುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ರೊಟ್ಟಿ ಬಡಿಸುತ್ತಿದ್ದ ಹಿರಿಯರೊಬ್ಬರು ನನ್ನ ಊರು ಕೇಳಿದರು. ಬೀದರ ಎಂದೆ. ಎರಡು ರೊಟ್ಟಿ ಹೆಚ್ಚು ಬಿತ್ತು. ನಾನಕ ಝೀರಾದ ನೀರು ಕುಡಿದು ಬೆಳೆದವನು, ಪಂಚ ಪ್ಯಾರೇಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರ ಊರಿನವನು ಎಂಬ ಗೌರವ. ನನ್ನದೇನೂ ಸಾಧನೆಯಿಲ್ಲದೆ ಸಿಕ್ಕ ಗೌರವ, ಬಿಡಲಿಲ್ಲ, ತಿಂದೆ.

ದಸರೆಯಲ್ಲಿ ಮಾತ್ರ ನನಗೆ ಊರು ಬಿಟ್ಟ ಹಾಗೆ ಅನಿಸುವುದಿಲ್ಲ. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ಬತುಕಮ್ಮ. ತಂಗಡಿ, ಚೆಂಡು ಹೂವುಗಳನ್ನು ತಟ್ಟೆಯಲ್ಲಿ ಗೋಪುರದಂತೆ ಜೋಡಿಸಿ, ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕಾರು ಹೊರಗೆ ತೆಗೆಸಿ, ಹೆಂಗಸರು ಸುತ್ತ ಚಪ್ಪಾಳೆ ತಟ್ಟುತ್ತ ತಿರುಗುತ್ತಾರೆ. ವಿಜಯದಶಮಿಗೆ ಜಮ್ಮಿ. ನಮ್ಮ ಬನ್ನಿಯೇ ಅವರ ಜಮ್ಮಿ, ನಮಗೂ ಅದು ಬಂಗಾರ, ಅವರಿಗೂ ಬಂಗಾರ. ಎಲೆ ಕೈಗಿಟ್ಟು, ಅಲಯ್ ಬಲಯ್ ಎಂದು ತಬ್ಬಿಕೊಳ್ಳುತ್ತಾರೆ. ಅಂದು ಪಾಲಪಿಟ್ಟ ಕಂಡರೆ ಶುಭ. ಅದು ನಮ್ಮ ನೀಲಕಂಠ, ಎರಡೂ ರಾಜ್ಯಕ್ಕೆ ಅದೇ ರಾಜ್ಯಪಕ್ಷಿ. ಅಮೀರ್‌ಪೇಟ್‌ನಲ್ಲಿ ಅದನ್ನು ನಾನು ಇದುವರೆಗೆ ಕಂಡಿಲ್ಲ. ಮೆಟ್ರೊ ಕಂಬಗಳ ಮೇಲೆ ಪಾರಿವಾಳಗಳೇ.

ಊರು ಒಂದು ಸಲ ಹಬ್ಬದ ದಿನವೇ ಬಲವಂತವಾಗಿ ಖಾಲಿಯಾಯಿತು. 2020ರ ಯುಗಾದಿ ಮಾರ್ಚ್ 25, ದೇಶಕ್ಕೆಲ್ಲ ಲಾಕ್‌ಡೌನಿನ ಮೊದಲ ದಿನ. ಹಾಸ್ಟೆಲ್ಲುಗಳು ಖಾಲಿ ಮಾಡಿ ಎಂದವು. ಅಮೀರ್‌ಪೇಟ್, ಎಸ್.ಆರ್. ನಗರ, ಪಂಜಗುಟ್ಟದ ಹುಡುಗ ಹುಡುಗಿಯರು ಊರಿಗೆ ಹೋಗುವ ಪಾಸಿಗಾಗಿ ಪೊಲೀಸ್ ಠಾಣೆಗಳ ಮುಂದೆ ಸಾಲು ನಿಂತರು. ಪಾಸು ಸಿಕ್ಕವರಲ್ಲಿ ಎಷ್ಟೋ ಜನ ಆಂಧ್ರದ ಗಡಿಯ ಗರಿಕಪಾಡು ಚೆಕ್‌ಪೋಸ್ಟಿನಲ್ಲಿ ತಡೆದು ನಿಂತರು. ನಮ್ಮ ಮನೆಯಲ್ಲಿ ಅಂದು ಬೇವು ಮಾಡಿದ್ದೆವು. ಬೀದರ ಕಡೆಯ ಬೇವು ಎಂದರೆ ಪಾನಕದ ಹಾಗೆ ಕುಡಿಯುವುದು, ಬೇವಿನ ಹೂವು, ಬೆಲ್ಲ, ಪುಠಾಣಿ ಹಿಟ್ಟು ಹಾಕಿ ಕಲಸಿದ್ದು. ಒಂದು ಕೊಡದಷ್ಟಿತ್ತು. ಗೇಟಿನ ಬಳಿ ಇಟ್ಟು ಸಾಲಿನಲ್ಲಿ ನಿಂತವರಿಗೆ ಕೊಟ್ಟೆವು. ಲೋಟ ಮುಟ್ಟಬೇಕೋ ಬೇಡವೋ ಎಂದು ಅವರೂ ಹೆದರಿದರು, ನಾವೂ ಹೆದರಿದೆವು.

ಎಳ್ಳ ಅಮಾವಾಸ್ಯೆಗೆ ಈಗ ನಾನು ಪ್ರತಿ ವರ್ಷ ಹೋಗಲಾರೆ. ಹೋಗದ ವರ್ಷ ಡಬ್ಬಿ ಬರುತ್ತದೆ. ಬೀದರ ಬಸ್ಸು ಜಹೀರಾಬಾದ್, ಪಟಾಂಚೆರು, ಕೂಕಟ್‌ಪಲ್ಲಿ ದಾಟಿ ನಮ್ಮ ರಸ್ತೆಯಲ್ಲೇ ಹಾಯುತ್ತದೆ. ತಮ್ಮ ಕಂಡಕ್ಟರನ ಕೈಗೆ ಕೊಟ್ಟಿರುತ್ತಾನೆ. ಹಳೇ ಟವೆಲಿನಲ್ಲಿ ಸುತ್ತಿದ ಸ್ಟೀಲ್ ಡಬ್ಬಿ: ಮೇಲಿನ ಅಂತಸ್ತಿನಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಕೆಳಗೆ ಭಜ್ಜಿ. ಹಸಿ ತೊಗರಿ, ಹಸಿ ಕಡಲೆ, ಬಟಾಣಿ, ಸಿಕ್ಕಸಿಕ್ಕ ಸೊಪ್ಪು, ಹುಣಸೆ, ಕಡಲೆ ಹಿಟ್ಟು ಎಲ್ಲ ಕುದ್ದ ಆ ಹುಳಿ ಊರಲ್ಲಿ ಹೊಲದ ನಡುವೆ ಕೂತು ಉಣ್ಣಬೇಕಾದದ್ದು. ಉಣ್ಣುವ ಮೊದಲು ಚರಗ ಚೆಲ್ಲಬೇಕು, ಭೂಮಿತಾಯಿಗೆ ಮೊದಲ ತುತ್ತು. ನನಗೆ ಹೊಲವೆಲ್ಲಿ? ಬಾಲ್ಕನಿಯ ತುಳಸಿ ಕುಂಡದ ಮಣ್ಣಿಗೆ ಒಂದು ತುತ್ತು ಹಾಕುತ್ತೇನೆ. ಪಾರಿವಾಳ ಬಂದು ತಿನ್ನುತ್ತದೆ.

ಉಳಿದದ್ದು ನವೆಂಬರ್ 1. 1956ರ ಆ ದಿನ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು: ತೆಲುಗು ಭಾಗ ಆಂಧ್ರಕ್ಕೆ, ಮರಾಠಿ ಭಾಗ ಮುಂಬಯಿಗೆ, ನಮ್ಮ ಬೀದರ, ಗುಲಬರ್ಗಾ, ರಾಯಚೂರು ಮೈಸೂರಿಗೆ. ಹೀಗಾಗಿ ನಾನು ಬಂದ ಹೊಸತರಲ್ಲಿ ಇಲ್ಲೂ ಅಂದು ರಾಜ್ಯದ ಹುಟ್ಟುಹಬ್ಬವೇ, ಆಂಧ್ರಪ್ರದೇಶದ್ದು. ನಮ್ಮದನ್ನೂ ಅದರ ಮರೆಯಲ್ಲಿ ಆಚರಿಸಿಕೊಳ್ಳುತ್ತಿದ್ದೆವು. 2014ರ ಜೂನ್ 2ರ ನಂತರ ತೆಲಂಗಾಣಕ್ಕೆ ಹುಟ್ಟುಹಬ್ಬ ಜೂನ್‌ಗೆ ಹೋಯಿತು, ನವೆಂಬರ್ 1 ಇಲ್ಲಿ ಮಾಮೂಲಿ ದಿನವಾಯಿತು. ಕಾಚಿಗುಡದಲ್ಲಿ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಇವೆ. ನಿಜಾಮರ ಕಾಲದಿಂದ ಈ ಊರಲ್ಲಿ ಕನ್ನಡ ಹಿಡಿದುಕೊಂಡು ಬಂದವರ ಜಾಗ ಅದು. ಕೆಲಸದ ದಿನವಾದರೆ ಅಷ್ಟು ದೂರ ಹೋಗಲು ನಮಗಾಗುವುದಿಲ್ಲ, ಭಾನುವಾರಕ್ಕೆ ಕಾಯುತ್ತೇವೆ.

ಕಳೆದ ಸಲ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬಾಲ್ಕನಿಗೆ ಬಾವುಟ ಕಟ್ಟುತ್ತಿದ್ದೆ. ಪಕ್ಕದ ಹಾಸ್ಟೆಲ್ಲಿನ ವಾಚ್‌ಮನ್ ಕೆಳಗಿನಿಂದ ಕೂಗಿದ, ‘ಎವರಿ ಜೆಂಡಾ ಸಾರ್ ಇದಿ, ಎಲ್ಲಮ್ಮದಾ?’ ಹಳದಿ, ಕೆಂಪು. ಅರಿಸಿನ, ಕುಂಕುಮ. ಅವನು ಕೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ಹೌದು, ನಮ್ಮ ಕಡೆಯ ಎಲ್ಲಮ್ಮಂದು ಎಂದೆ. ಅವನು ಮೇಲೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನಾನು ಹಾಕಿದ್ದ ಗಂಟು ಬಿಚ್ಚಿ ಬಿಗಿಯಾಗಿ ಮತ್ತೆ ಕಟ್ಟಿದ.