ಎರಡು ಕಲ್ಯಾಣ, ಒಂದೇ ವರ್ಷ

ಶಹಾಡದಾಗ ಇರ್ತೀವಿ ಅಂದರೆ ನಮ್ಮ ಇಂಡಿ ತಾಲೂಕಿನ ಕಡೆ ಯಾರಿಗೂ ತಿಳಿಯುವುದಿಲ್ಲ. ಕಲ್ಯಾಣದ ಮುಂದಿನ ಸ್ಟೇಷನ್ನು, ಕಸಾರಾ ಲೈನು, ಸೆಂಚುರಿ ರೇಯಾನ್ ಕಾರಖಾನೆ ಇರುವ ಊರು ಎಂದು ಬಿಡಿಸಿ ಹೇಳಬೇಕು. ಕಲ್ಯಾಣ ಅಂದ ಕೂಡಲೆ ಹಿರಿಯರು ಕೈಮುಗಿದು, "ಬಸವಣ್ಣನ ಕಲ್ಯಾಣ ಏನ್ರೀ?" ಅನ್ನುತ್ತಾರೆ. ಅಲ್ಲ. ಅದು ಬೀದರ ಜಿಲ್ಲೆಯದು, ಚಾಲುಕ್ಯರ ರಾಜಧಾನಿ. ಇದು ಉಲ್ಲಾಸ ನದಿ ಖಾಡಿಯಾಗುವ ಕಡೆ ಇರುವ ಹಳೆಯ ಬಂದರು. ಎಷ್ಟು ಹಳೆಯದೆಂದರೆ, ಕ್ರಿಸ್ತಶಕದ ಮೊದಲನೆಯ ಶತಮಾನದ ಗ್ರೀಕ್ ನಾವಿಕನೊಬ್ಬನ ಬರಹದಲ್ಲಿ ಇದರ ಹೆಸರಿದೆ. ಕನ್ಹೇರಿ ಗುಹೆಗಳಿಗೆ ದಾನ ಕೊಟ್ಟವರಲ್ಲಿ ಕಲ್ಯಾಣದ ವ್ಯಾಪಾರಿಗಳಿದ್ದಾರೆ.

ಹಾಗಂತ ಈ ಕಲ್ಯಾಣಕ್ಕೂ ನಮಗೂ ಸಂಬಂಧವೇ ಇಲ್ಲ ಅಂತಲ್ಲ. ಅದೇ ಕನ್ಹೇರಿಯಲ್ಲಿ ಒಂಬತ್ತನೆಯ ಶತಮಾನದ ಶಾಸನಗಳು ಮಾನ್ಯಖೇಟದ ಅಮೋಘವರ್ಷನ ಆಳಿಕೆಯನ್ನು ಹೇಳುತ್ತವೆ. ಕವಿರಾಜಮಾರ್ಗದ ಜೊತೆ ನಾವು ಹೆಸರು ಹೇಳುವ ಅದೇ ದೊರೆ. ಅವನ ಸಾಮಂತರಾಗಿ ಕೊಂಕಣ ಆಳಿದ ಶಿಲಾಹಾರರ ಬಿರುದುಗಳಲ್ಲಿ 'ಮಲಗಲಗಂಡ'ದಂಥ ಕನ್ನಡ ಮಾತುಗಳಿವೆ. ಅವರು 1060ರ ಹೊತ್ತಿಗೆ ಕಟ್ಟಿಸಿದ ಅಂಬರನಾಥದ ಶಿವಾಲಯ ಕಲ್ಯಾಣದಿಂದ ಎರಡು ಮೂರು ಸ್ಟೇಷನ್ ಆಚೆ ನಿಂತಿದೆ. ಅದರ ಕೆತ್ತನೆ ನೋಡುತ್ತ ಗದಗಿನವರೊಬ್ಬರು ನಮ್ಮ ಲಕ್ಕುಂಡಿಯನ್ನೇ ನೆನೆಸಿಕೊಂಡರು. ಅದು ಬೇರೆ ಮಾತು.

ನಾನು ಹೇಳಹೊರಟದ್ದು ದುರ್ಗಾಡಿ ಕೋಟೆಯ ವಿಷಯ. ಕೋಟೆ ಅಂದರೆ ನಮ್ಮ ಕಣ್ಣಿಗೆ ಬರುವುದು ವಿಜಯಪುರದ ಗೋಡೆ, ಕಂದಕ, ಮಲಿಕ್-ಎ-ಮೈದಾನ ತೋಪು. ದುರ್ಗಾಡಿಯಲ್ಲಿ ಅಂಥದ್ದೇನೂ ಇಲ್ಲ. ಖಾಡಿಯ ದಂಡೆಗೆ ಒಂದು ಗುಡ್ಡ, ಒಂದೆರಡು ಬುರುಜು, ಅಲ್ಲಲ್ಲಿ ಗೋಡೆಯ ತುಂಡು. ಆದರೆ ಈ ಗುಡ್ಡದ ಮೇಲೆ ನಿಂತು ಖಾಡಿ ನೋಡಿದರೆ ಇದನ್ನು ಹಿಡಿದವನಿಗೆ ಏನು ಸಿಗುತ್ತಿತ್ತು ಅನ್ನುವುದು ತಿಳಿಯುತ್ತದೆ. ಘಟ್ಟದಿಂದ ಇಳಿದು ಬರುವ ಸರಕು, ಸಮುದ್ರದಿಂದ ಒಳಗೆ ಬರುವ ದೋಣಿ, ಎರಡೂ ಇಲ್ಲೇ ಕೂಡಬೇಕು.

1636ರಲ್ಲಿ ಅಹಮದನಗರದ ನಿಜಾಮಶಾಹಿ ಮುಗಿದಾಗ ಮೊಗಲರೂ ವಿಜಯಪುರದವರೂ ಅದನ್ನು ಹಂಚಿಕೊಂಡರು. ಕೊಂಕಣದ ಈ ಭಾಗ ಆದಿಲಶಾಹಿಗೆ ಬಂತು. ಮುಲ್ಲಾ ಅಹಮದ್ ಎಂಬ ನವಾಯತ ಸರದಾರ ಇಲ್ಲಿಯ ಅಧಿಕಾರಿ. ಇಲ್ಲಿಯ ಸುಂಕ ವಿಜಯಪುರದ ಬೊಕ್ಕಸಕ್ಕೆ ಸಲ್ಲುತ್ತಿತ್ತು. 1656ರ ನವೆಂಬರಿನಲ್ಲಿ ಮಹಮ್ಮದ್ ಆದಿಲಶಾಹ ತೀರಿಕೊಂಡ. ಗೋಲಗುಮ್ಮಟದ ಕೆಳಗೆ ಮಲಗಿದವನು ಅವನೇ. ಪಟ್ಟಕ್ಕೆ ಬಂದ ಅಲಿ ಇನ್ನೂ ಎಳೆಯ ವಯಸ್ಸಿನವನು. ಅವನು ಸುಲ್ತಾನನ ಮಗನೇ ಅಲ್ಲ ಎಂಬ ನೆಪ ತೆಗೆದು ಔರಂಗಜೇಬ ದಂಡೆತ್ತಿ ಬಂದ. 1657ರ ಬೇಸಿಗೆಯಲ್ಲಿ ಬೀದರ ಹೋಯಿತು. ಮಳೆಗಾಲದಲ್ಲಿ ಬಸವಣ್ಣನ ಕಲ್ಯಾಣ ಹೋಯಿತು. ಅಷ್ಟರಲ್ಲಿ ದಿಲ್ಲಿಯಲ್ಲಿ ಷಹಜಹಾನನಿಗೆ ಕಾಯಿಲೆ, ಮಕ್ಕಳಲ್ಲಿ ಪಟ್ಟದ ಜಗಳ. ಈ ಗದ್ದಲದ ನಡುವೆ ಅಕ್ಟೋಬರಿನಲ್ಲಿ ಶಿವಾಜಿ ಈ ಕಲ್ಯಾಣವನ್ನೂ ಭಿವಂಡಿಯನ್ನೂ ತೆಗೆದುಕೊಂಡ. ಒಂದೇ ವರ್ಷದಲ್ಲಿ ಎರಡು ಕಲ್ಯಾಣಗಳು ವಿಜಯಪುರದ ಕೈಬಿಟ್ಟವು, ನೋಡಿ! ಒಂದನ್ನು ಒಯ್ದವನು ಉತ್ತರದಿಂದ ಬಂದ ಶಹಜಾದೆ, ಇನ್ನೊಂದನ್ನು ಒಯ್ದವನು ತಮ್ಮದೇ ಸರದಾರನ ಮಗ.

ಕಲ್ಯಾಣದ ಸುಭೇದಾರನ ಸೊಸೆಯನ್ನು ಶಿವಾಜಿ ಗೌರವದಿಂದ ಮರಳಿ ಕಳಿಸಿದ ಕಥೆ ಇಲ್ಲಿ ಮನೆಮನೆಯದು. ಇತಿಹಾಸಕಾರರು ಅದಕ್ಕೆ ಪುರಾವೆ ಕೇಳುತ್ತಾರೆ. ನನಗೆ ಅದಕ್ಕಿಂತ ಹಡಗಿನ ಕೆಲಸ ದೊಡ್ಡದೆನಿಸುತ್ತದೆ. ಗುಡ್ಡಗಾಡಿನಲ್ಲಿ ಬೆಳೆದವನು ಈ ಖಾಡಿಗೆ ಬಂದು ಹಡಗು ಕಟ್ಟಿಸಲು ಹತ್ತಿದ. ಕೆಲಸ ಬಲ್ಲ ಪೋರ್ಚುಗೀಸರನ್ನು ಇಟ್ಟುಕೊಂಡ. ರುಯ್ ಲೈತಾಂವ್ ವಿಯೇಗಸ್ ಎಂಬವನು ಅವರ ಮುಖ್ಯ. ಈ ಹಡಗು ನಾಳೆ ತಮ್ಮ ಮೇಲೇ ಬಂದಾವೆಂದು ವಸಾಯಿಯ ಪೋರ್ಚುಗೀಸ್ ಅಧಿಕಾರಿ ಅವರನ್ನು ಪುಸಲಾಯಿಸಿ ಕೆಲಸ ಬಿಡಿಸಿದ. ಆದರೂ ಕೆಲಸ ನಿಲ್ಲಲಿಲ್ಲ. ಮರಾಠಾ ನೌಕಾಪಡೆ ಹುಟ್ಟಿದ್ದು ಹೀಗೆ.

ನನ್ನ ಮಗಳು ಮರಾಠಿ ಶಾಲೆ. ಇಲ್ಲಿ ನಾಲ್ಕನೆಯ ಇಯತ್ತೆಯ ಇತಿಹಾಸ ಅಂದರೆ ಪೂರ್ತಿ ಶಿವಾಜಿಯದು. ಅಫಜಲಖಾನನ ಪಾಠ ಓದಿದ ದಿನ ಸಂಜೆ ಅವಳು ನನ್ನ ಮುಂದೆ ಬಂದು ಕೂತು, "ಪಪ್ಪಾ, ಅಂವ ನಮ್ಮೂರಾಂವ ಏನು?" ಅಂದಳು. ಪುಸ್ತಕದಲ್ಲಿ ವಿಜಾಪುರ ಎಂದು ಅಚ್ಚಾಗಿದೆ. ಅವಳು ಪ್ರತಿ ಮೇ ತಿಂಗಳು ಅಜ್ಜಿಯ ಮನೆಗೆ ಹೋಗುವಾಗ ರೈಲು ಇಳಿಯುವ ಊರೂ ಅದೇ. ವರ್ಗದಲ್ಲಿ ಯಾರೋ ಏನೋ ಅಂದಿರಬೇಕು. ನಾನು ಅವಳಿಗೆ ಶಹಾಜಿಯ ವಿಷಯ ಹೇಳಿದೆ. ಮಗ ಇಲ್ಲಿ ಕಲ್ಯಾಣ ಹಿಡಿದಾಗ ತಂದೆ ಶಹಾಜಿ ಕರ್ನಾಟಕದಲ್ಲಿದ್ದ, ವಿಜಯಪುರದ ಚಾಕರಿಯಲ್ಲೇ. ಬೆಂಗಳೂರು ಅವನ ಜಹಗೀರು. 1664ರಲ್ಲಿ ಸತ್ತದ್ದೂ ಕನ್ನಡ ನಾಡಿನಲ್ಲಿ. ಸಮಾಧಿ ದಾವಣಗೆರೆ ಜಿಲ್ಲೆಯ ಹೊದಿಗೆರೆಯಲ್ಲಿದೆ. "ಅಂದ್ರ ಅವ್ರೂ ನಮ್ಹಂಗ ಊರು ಬಿಟ್ಟು ನೌಕರಿಗೆ ಹೋಗಿದ್ರಾ?" ಅಂದಳು. ಹೌದವ್ವ, ಹಂಗ ಅಂದೆ. ಮರುದಿನ ವರ್ಗದಲ್ಲಿ ಏನು ಹೇಳಿದಳೋ ಗೊತ್ತಿಲ್ಲ. ಆ ಪ್ರಶ್ನೆ ಮತ್ತೆ ಕೇಳಲಿಲ್ಲ.

ಹೋಗುವವರು ಕಲ್ಯಾಣ ಪಶ್ಚಿಮಕ್ಕೆ ಇಳಿದು ಲಾಲ್ ಚೌಕಿಯ ಕಡೆ ರಿಕ್ಷಾ ಹಿಡಿಯಬೇಕು. ಮೇಲೆ ದುರ್ಗಾದೇವಿಯ ಗುಡಿಯಿದೆ, ಅದರಿಂದಲೇ ಕೋಟೆಗೆ ಈ ಹೆಸರು. ಪಕ್ಕದಲ್ಲೇ ಮುಸಲ್ಮಾನರು ಈದ್ ನಮಾಜು ಮಾಡುವ ಜಾಗ. ಇದರ ವ್ಯಾಜ್ಯ 1976ರಿಂದ ಕೋರ್ಟಿನಲ್ಲಿತ್ತು. 2024ರ ಡಿಸೆಂಬರಿನಲ್ಲಿ ಕಲ್ಯಾಣದ ಕೋರ್ಟು ಮುಸ್ಲಿಂ ಟ್ರಸ್ಟಿನ ದಾವೆ ವಜಾ ಮಾಡಿತು. ಬಕ್ರೀದಿಗೆ ಪೊಲೀಸ್ ಬಂದೋಬಸ್ತು, ನವರಾತ್ರಿಗೆ ಮೆಟ್ಟಿಲು ಹತ್ತಲಾಗದಷ್ಟು ಜನ. ಆ ದಿನಗಳನ್ನು ಬಿಟ್ಟು, ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗುವುದು ಒಳ್ಳೆಯದು. ಕೆಳಗೆ ಭಿವಂಡಿ ಕಡೆಯ ಸೇತುವೆ ಮೇಲೆ ಲಾರಿಗಳು ಸಾಲುಗಟ್ಟಿರುತ್ತವೆ. ಖಾಡಿಯ ದಂಡೆಗೆ ಭಾರತೀಯ ನೌಕಾಪಡೆಯಿಂದ ನಿವೃತ್ತಿಯಾದ ಟಿ-80 ಎಂಬ ಹಡಗನ್ನು ತಂದು ಸ್ಮಾರಕಕ್ಕೆಂದು ಇಟ್ಟಿದ್ದಾರೆ. ಮಕ್ಕಳು ಕೋಟೆಗಿಂತ ಅದನ್ನೇ ಹೆಚ್ಚು ಹೊತ್ತು ನೋಡುತ್ತಾರೆ.